ದಣಿಯದ ಬಂಡಿ

ತಾತನ ಕಾಲದಲ್ಲಿ ಮಾಗಡಿ ಕಡೆಯ ನಮ್ಮೂರಿನಿಂದ ರಾಮನಗರದ ಸಂತೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಹಳಬರ ಬಾಯಲ್ಲಿ ರಾಮನಗರ ಆಗಿನ್ನೂ ಕ್ಲೋಸ್‌ಪೇಟೆಯೇ. ಆ ಗಾಡಿ ಪಯಣಕ್ಕೆ ಒಂದು ಕಟ್ಟಳೆ ಇತ್ತು. ಏರು ಬಂದಲ್ಲಿ ಗಾಡಿಯಲ್ಲಿದ್ದವರು ಇಳಿದು ನಡೆಯಬೇಕು. ಮುದುಕರು, ಬಸುರಿಯರು, ಎಳೆಮಕ್ಕಳು ಕೂತಿರಬಹುದು. ಉಳಿದವರು ಗಾಡಿಯ ಹಿಂದೆ ಹೆಜ್ಜೆ ಹಾಕುತ್ತ, ಬೇಕಾದರೆ ಗಾಲಿಗೆ ಕೈ ಕೊಡುತ್ತ ಏರು ಮುಗಿಸಿ ಮತ್ತೆ ಹತ್ತಬೇಕು. ಇಳೀರಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಎತ್ತುಗಳ ಉಸಿರು ಬಿಗಿಯಾದದ್ದು ಕಿವಿಗೆ ಬಿದ್ದರೆ ಸಾಕು, ಜನ ತಾವಾಗಿಯೇ ಧುಮುಕುತ್ತಿದ್ದರು.

ಇದನ್ನು ನನಗೆ ಹೇಳಿದವರು ಸೋದರಮಾವ. ಅವರು ಮೂವತ್ತು ವರ್ಷಕ್ಕೂ ಮಿಗಿಲಾಗಿ ಬಸ್ ಓಡಿಸಿ ನಿವೃತ್ತರಾದವರು. ಕನಕಪುರ, ರಾಮನಗರ, ಮಾಗಡಿ ಎಂದು ತಿರುಗಿದ್ದೇ ಹೆಚ್ಚು. ಈಗ ಚನ್ನಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರು ಕೆಲಸಕ್ಕಿದ್ದ ಡಿಪೋದಲ್ಲಿ ಯಾವ ಡ್ರೈವರ್ ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರ್ ಓಡಿಸಿದ ಎಂಬ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಅದಕ್ಕೆ ಡ್ರೈವರುಗಳು ಕರೆಯುತ್ತಿದ್ದುದು ಕೆಎಂಪಿಎಲ್ ಎಂದು. ಮಾವನ ಹೆಸರು ಆ ಬೋರ್ಡಿನ ಮೇಲ್ಗಡೆ ಇರುತ್ತಿತ್ತು. ಗುಟ್ಟೇನು ಎಂದು ಕೇಳಿದರೆ, 'ಗುಟ್ಟೇನ್ ಬಂತು, ಮುಂದೆ ನಿಲ್ಲಿಸ್ಬೇಕು ಅಂತ ಗೊತ್ತಿದ್ಮೇಲೆ ಹಿಂದೆ ತುಳೀಬಾರ್ದು' ಎನ್ನುತ್ತಾರೆ. ಇಂಧನ ಉಳಿತಾಯದ ಬಗ್ಗೆ ನಾನು ಓದಿದ ಪುಸ್ತಕಗಳೆಲ್ಲ ಈ ಒಂದು ಮಾತಿನ ವಿಸ್ತಾರವೇ.

ಕಳೆದ ಕಾರ್ತಿಕದ ಒಂದು ಬೆಳಗ್ಗೆ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಂಗಳೂರಿನಿಂದ ಚನ್ನಪಟ್ಟಣಕ್ಕೆ ಹೊರಟಿದ್ದೆ. ಹೊಸದಾಗಿ ಕೊಂಡ ವಿದ್ಯುತ್ ಕಾರು. ಹೆದ್ದಾರಿಯಲ್ಲಿ ನೂರರ ಆಸುಪಾಸಿನಲ್ಲೇ ಬಂದು ಸರ್ವಿಸ್ ರಸ್ತೆಗೆ ಇಳಿದೆ. ಮುಳ್ಳು ಐವತ್ತೈದರ ಮೇಲಿತ್ತು. ಆದರೆ ಕಾರು ನಿಂತೇ ಇದೆಯೇನೋ ಅನ್ನಿಸುತ್ತಿತ್ತು. ಬಹಳ ಹೊತ್ತು ವೇಗದಲ್ಲಿದ್ದ ಕಣ್ಣಿಗೆ ವೇಗದ ಅಂದಾಜು ತಪ್ಪುತ್ತದೆ. ಸದ್ದಿಲ್ಲದ ಕಾರಿನಲ್ಲಿ ಇನ್ನೂ ಹೆಚ್ಚು ತಪ್ಪುತ್ತದೆ. ಮುಂದೆ ವಯಸ್ಸಾದವರೊಬ್ಬರು ಸೈಕಲ್ಲಿನ ಕ್ಯಾರಿಯರಿಗೆ ರೇಷ್ಮೆಗೂಡಿನ ಚೀಲ ಕಟ್ಟಿಕೊಂಡು ಹೋಗುತ್ತಿದ್ದರು. ಹಿಂದೆ ಏನೂ ಬರುತ್ತಿಲ್ಲ ಎಂದುಕೊಂಡು ಬಲಕ್ಕೆ, ಊರಿನ ದಾರಿಗೆ ತಿರುಗಿದರು. ನಾನು ಬ್ರೇಕ್ ಒತ್ತಿದೆ. ಕಾರು ನಿಂತಿತು. ಆದರೆ ನಿಲ್ಲುವ ಮೊದಲು ಸೈಕಲ್ಲಿನ ಹಿಂದಿನ ಗಾಲಿಗೆ ತಾಗಿತ್ತು.

ಅವರು ಬಿದ್ದರು, ಚೀಲ ಬಿಚ್ಚಿತು. ಹಳದಿ ಗೂಡುಗಳು ಡಾಂಬರಿನ ಮೇಲೆಲ್ಲ ಉರುಳಿದವು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಅವರು ಅತ್ತ ನೋಡದೆ ಮೊದಲು ಗೂಡು ಆರಿಸತೊಡಗಿದರು. ನಜ್ಜಾದ ಗೂಡಿಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. 'ಸದ್ದೇ ಬರ್ನಿಲ್ವಲ್ಲ ಸ್ವಾಮಿ' ಎಂದರು, ತಪ್ಪು ತಮ್ಮದೇ ಎಂಬಂತೆ. ಮಾವ, ನಾನು ಕೂತು ಗೂಡು ಆರಿಸಿಕೊಟ್ಟೆವು. ಆಸ್ಪತ್ರೆಗೆ ಬನ್ನಿ ಎಂದರೆ ಬೇಡವೆಂದರು. ದುಡ್ಡು ಕೊಟ್ಟೆ. ಎಣಿಸಿ ಜೇಬಿಗಿಟ್ಟುಕೊಂಡು ಹೊರಟರು.

ಕಾರಿಗೆ ಹತ್ತಿದ ಮೇಲೆ ನಾನು, 'ಪಾಪ, ಅವರಿಗೆ ಗಾಡಿ ಬಂದದ್ದು ಕೇಳಿಸಲಿಲ್ಲ ಮಾವ' ಎಂದೆ.

ಮಾವ ರಸ್ತೆ ನೋಡುತ್ತಲೇ, 'ಅವ್ರಿಗೆ ಕೇಳಿಸ್ನಿಲ್ಲ, ಸರಿ ಕಣಪ್ಪ. ನಿಂಗೆ ಕಾಣಿಸ್ನಿಲ್ವಾ?' ಎಂದರು.

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈ ಬರಹ ಆ ಉತ್ತರದ ಹುಡುಕಾಟ.

ನಾನು ವಿದ್ಯುತ್ ಕಾರು ಕೊಂಡದ್ದು ಒಳ್ಳೆಯ ಮನಸ್ಸಿನಿಂದಲೇ. ಪೆಟ್ರೋಲ್ ಎಂಜಿನ್ ತಾನು ಕುಡಿದ ಇಂಧನದ ಶಕ್ತಿಯಲ್ಲಿ ಹೆಚ್ಚೆಂದರೆ ಮೂರನೆಯ ಒಂದು ಭಾಗದಷ್ಟನ್ನು ಚಲನೆಗೆ ಬಳಸುತ್ತದೆ. ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. ವಿದ್ಯುತ್ ಮೋಟಾರು ತನಗೆ ಸಿಕ್ಕ ಶಕ್ತಿಯಲ್ಲಿ ಬಹುಪಾಲನ್ನು ಗಾಲಿಗೆ ತಲುಪಿಸುತ್ತದೆ. ವೇಗ ತಗ್ಗಿಸುವಾಗ ಒಂದಿಷ್ಟನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಹೊಗೆ ಉಗುಳುವುದಿಲ್ಲ. ಈ ಮಾತುಗಳೆಲ್ಲ ನಿಜ. ಆದರೆ ಕಾರು ಮನೆಗೆ ಬಂದ ದಿನವೇ ಪರಿಸರಕ್ಕೆ ನಾನು ಸಲ್ಲಿಸಬೇಕಾದ್ದು ಸಂದಿತು ಎಂದುಕೊಂಡೆನಲ್ಲ, ಅದು ಸುಳ್ಳು. ರಾತ್ರಿ ಹನ್ನೊಂದಕ್ಕೆ ಚಾರ್ಜಿಗೆ ಹಾಕುವ ನನ್ನ ಕಾರಿಗೆ ಪಾವಗಡದ ಬಿಸಿಲು ಸಿಗುವುದಿಲ್ಲ. ಶರಾವತಿಯ ನೀರು, ಗುಡ್ಡದ ಗಾಳಿ, ಕೈಗಾದ ಅಣು, ರಾಯಚೂರಿನ ಕಲ್ಲಿದ್ದಲು ಎಲ್ಲವೂ ಬೆರೆತ ವಿದ್ಯುತ್ ಅದು. ನನ್ನ ಹಿಂದೆ ಬರದ ಹೊಗೆಯಲ್ಲಿ ಒಂದು ಪಾಲು ಶಕ್ತಿನಗರದಲ್ಲಿ ಏಳುತ್ತಿರುತ್ತದೆ. ಪೆಟ್ರೋಲಿಗಿಂತ ಇದು ಮೇಲು, ಅನುಮಾನವಿಲ್ಲ. ಆದರೆ ಮೇಲು ಎಂದರೆ ಪುಕ್ಕಟೆ ಎಂದಲ್ಲ.

ಯೋಚಿಸಿದಷ್ಟೂ ನನಗೆ ತೋರುವುದು ಇದು: ನಮ್ಮ ವಾಹನಗಳ ಚರಿತ್ರೆ ಎಂದರೆ ದಣಿವಿನ ಗುರುತುಗಳನ್ನು ಒಂದೊಂದಾಗಿ ಅಳಿಸುತ್ತ ಬಂದ ಚರಿತ್ರೆ. ಎತ್ತು ಏದುಸಿರು ಬಿಡುತ್ತಿತ್ತು, ಬಾಯಲ್ಲಿ ನೊರೆ ಬರುತ್ತಿತ್ತು. ಮಾವ ಕೆಲಸಕ್ಕೆ ಸೇರಿದಾಗಿನ ಬಸ್ಸುಗಳಿಗೆ ಏರಿನಲ್ಲಿ ಉಬ್ಬಸ ಬರುತ್ತಿತ್ತು, ರೇಡಿಯೇಟರ್ ಕುದಿಯುತ್ತಿತ್ತು. ಕ್ಲೀನರ್ ಕೆರೆ ಕಂಡಲ್ಲಿ ಇಳಿದು ನೀರು ತರುತ್ತಿದ್ದ. ಗೇರು ಬದಲಿಸಬೇಕಾದ ಹೊತ್ತನ್ನು ಮಾವ ಕಿವಿಯಿಂದ ತಿಳಿಯುತ್ತಿದ್ದರು, ಅಂಗಾಲಿನಿಂದ ತಿಳಿಯುತ್ತಿದ್ದರು. ಆಮೇಲೆ ಗಾಜು ಏರಿಸಿದ ಏಸಿ ಕಾರುಗಳು ಬಂದವು, ಸದ್ದು ಹೊರಗುಳಿಯಿತು. ಈಗ ಸದ್ದೇ ಇಲ್ಲ, ಹೊಗೆಯೂ ಇಲ್ಲ. ಪ್ರತಿ ಹೆಜ್ಜೆಯಲ್ಲೂ ಹೊರೆ ತುಸು ಇಳಿದಿರಬಹುದು. ಆದರೆ ಹೊರೆಗಿಂತ ಬಹಳ ಬೇಗ ಇಳಿದದ್ದು ಹೊರೆಯ ಸುದ್ದಿ. ಯಾರೋ ಎಲ್ಲೋ ನಮ್ಮನ್ನು ಹೊರುತ್ತಿದ್ದಾರೆ ಎಂಬ ಸಮಾಚಾರ ನಮ್ಮ ಇಂದ್ರಿಯಗಳಿಗೆ ತಲುಪುವುದು ನಿಂತುಹೋಯಿತು.

ತಾತನ ಕಾಲದವರು ಏರಿನಲ್ಲಿ ಇಳಿದದ್ದು ಅವರೆಲ್ಲ ನಮಗಿಂತ ಒಳ್ಳೆಯವರಾಗಿದ್ದರು ಎಂದಲ್ಲ. ಎತ್ತಿಗೆ ಮುಳ್ಳುಗೋಲಿನಿಂದ ತಿವಿಯುವವರೂ ಆ ಕಾಲದಲ್ಲೇ ಇದ್ದರು. ಆದರೆ ತಿವಿಯುವವನಿಗೂ ತಾನು ತಿವಿಯುತ್ತಿದ್ದೇನೆ ಎಂದು ಗೊತ್ತಿರುತ್ತಿತ್ತು, ನೋಡಿದವರಿಗೂ ಗೊತ್ತಾಗುತ್ತಿತ್ತು. ನನ್ನ ಬಲಗಾಲು ಆಕ್ಸಿಲರೇಟರನ್ನು ಒಂದಂಗುಲ ಹೆಚ್ಚು ಒತ್ತಿದಾಗ ನಾನು ಯಾರನ್ನು ತಿವಿದೆ ಎಂಬುದು ನನಗೇ ತಿಳಿಯುವುದಿಲ್ಲ.

ನಮ್ಮ ಕಾನೂನು ಕೂಡ ದಣಿಯುವವರನ್ನು ಗುರುತಿಸಿದೆ. ಹೊರೆ ಎಳೆಯುವ ಪ್ರಾಣಿಗಳ ಬಗ್ಗೆ 1965ರಲ್ಲಿ ಬಂದ ನಿಯಮಗಳ ಪ್ರಕಾರ ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವು ಕೊಡದೆ ಒಂದೇ ಸಮ 5 ಗಂಟೆಗಿಂತ ಹೆಚ್ಚು ಹೂಡುವಂತಿಲ್ಲ. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ಬಸ್ಸು ಲಾರಿ ಡ್ರೈವರುಗಳಿಗೆ ದಿನಕ್ಕೆ 8 ಗಂಟೆಯ ಮಿತಿ ಹಾಕಿತು. ಎತ್ತಿಗೂ ಡ್ರೈವರಿಗೂ ಮಿತಿ ಬಂದದ್ದು ಅವರಿಬ್ಬರೂ ದಣಿಯುತ್ತಾರೆ ಎಂಬ ಕಾರಣಕ್ಕೆ. ಸ್ವಂತ ಕಾರು ಓಡಿಸುವವನು ಎಷ್ಟು ಗಂಟೆ ಓಡಿಸಬೇಕು, ಎಷ್ಟು ಶಕ್ತಿ ಉರಿಸಬೇಕು ಎಂದು ಯಾವ ಡಿಪೋದ ಬೋರ್ಡೂ ಬರೆಯುವುದಿಲ್ಲ. ಮಾವ ಲೀಟರ್ ಲೀಟರಿಗೂ ಲೆಕ್ಕ ಕೊಟ್ಟರು. ಅವರಿಗಿಂತ ಹೆಚ್ಚು ಓದಿದ, ಹೆಚ್ಚು ಸಂಪಾದಿಸುವ ನಾನು ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಮಿತವ್ಯಯ ಎಂಬ ಗುಣವನ್ನು ನಾವು ಸಂಬಳಕ್ಕೆ ದುಡಿಯುವವರಿಂದ ಮಾತ್ರ ವಸೂಲು ಮಾಡುತ್ತಿದ್ದೇವೆಯೇ?

ಹಾಗಾದರೆ ನಾನೇ ನನ್ನ ಬೋರ್ಡು ಬರೆದುಕೊಳ್ಳೋಣ ಎಂದು ಕೂತೆ. ಬೆಂಗಳೂರಿನಿಂದ ಚನ್ನಪಟ್ಟಣಕ್ಕೆ ಸುಮಾರು 60 ಕಿ.ಮೀ. ಗಂಟೆಗೆ 80ರಂತೆ ಹೋದರೆ 45 ನಿಮಿಷ. 100ರಂತೆ ಹೋದರೆ 36, 120ರಂತೆ ಹೋದರೆ 30. ಅಂದರೆ 80ರಿಂದ 100ಕ್ಕೆ ಏರಿ ನಾನು ಗಳಿಸುವುದು 9 ನಿಮಿಷ. ಈಗ ಖರ್ಚಿನ ಕಡೆ ನೋಡಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಿಂದ 100ಕ್ಕೆ ವೇಗ ಹೆಚ್ಚುವುದು ಕಾಲು ಭಾಗ, ಗಾಳಿಯ ತಡೆ ಹೆಚ್ಚುವುದು ಅರ್ಧಕ್ಕಿಂತ ಜಾಸ್ತಿ. 120 ಮುಟ್ಟಿದರೆ ತಡೆ 80ರಲ್ಲಿದ್ದದ್ದಕ್ಕಿಂತ ಎರಡೂಕಾಲು ಪಟ್ಟು. ಕಾರು ಪೆಟ್ರೋಲಿನದೋ ವಿದ್ಯುತ್ತಿನದೋ ಎಂದು ಗಾಳಿ ಕೇಳುವುದಿಲ್ಲ. ಮಾವನಿಗೆ ಈ ಲೆಕ್ಕ ಓದಿ ಹೇಳಿದೆ. 'ಗಾಳಿಗೂ ಕಂದಾಯ ಕಟ್ಬೇಕು ಅನ್ನು' ಎಂದರು. ಇಷ್ಟು ಕಂದಾಯ ಕಟ್ಟಿ ಗಳಿಸಿದ 9 ನಿಮಿಷವನ್ನು ನಾನು ಬೆಂಗಳೂರಿಗೆ ಹಿಂದಿರುಗುವಾಗ ಕೆಂಗೇರಿಯಿಂದ ನಾಯಂಡಹಳ್ಳಿಯವರೆಗಿನ ಸಾಲಿನಲ್ಲಿ ನಿಂತು ಕಳೆಯುತ್ತೇನೆ.

ತಂತ್ರಜ್ಞಾನ ಇನ್ನೂ ಉತ್ತಮವಾದರೆ ಈ ತೊಂದರೆ ತಾನೇ ಹೋಗುತ್ತದಲ್ಲ ಎನ್ನಬಹುದು. ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ 1865ರಲ್ಲೇ ಕಲ್ಲಿದ್ದಲಿನ ಬಗ್ಗೆ ಬರೆಯುತ್ತ ಒಂದು ವಿಚಿತ್ರವನ್ನು ತೋರಿಸಿದ್ದ. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಾಗ ಕಲ್ಲಿದ್ದಲಿನ ಬಳಕೆ ತಗ್ಗಲಿಲ್ಲ, ಏರಿತು. ಅಗ್ಗವಾದದ್ದನ್ನು ಜನ ಹೆಚ್ಚು ಬಳಸಿದರು. ಇದಕ್ಕೆ ಇಂಗ್ಲೆಂಡಿನವರೆಗೂ ಹೋಗಬೇಕಿಲ್ಲ. ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಮಾರಾಟಕ್ಕೆ ಬಂತು. ಎರಡೇ ಬಾಗಿಲು, ಮುಕ್ಕಾಲು ಟನ್ನಿನ ಆಸುಪಾಸಿನ ತೂಕ, ಗಂಟೆಗೆ ನೂರು ಕಿಲೋಮೀಟರ್ ಮುಟ್ಟಲಾರದ ವೇಗ. ಊರೊಳಗೆ ಓಡಾಡಲು ಅಷ್ಟು ಸಾಕಾಗಿತ್ತು. ಜನ ಅದನ್ನು ನೋಡಿ ನಕ್ಕರು. ಆಮೇಲಿನ ವರ್ಷಗಳಲ್ಲಿ ಬ್ಯಾಟರಿ ಎಷ್ಟೋ ಪಾಲು ಸುಧಾರಿಸಿತು. ಆ ಸುಧಾರಣೆಯಲ್ಲಿ ನಾವು ಕೊಂಡದ್ದೇನು? ದೊಡ್ಡ ಕಾರು, ಭಾರದ ಕಾರು, ಕೆಲವೇ ಸೆಕೆಂಡಿನಲ್ಲಿ ನೂರಕ್ಕೆ ಜಿಗಿಯುವ ಕಾರು. ಅದರಲ್ಲಿ ಬಹುಪಾಲು ಹೊತ್ತು ಒಬ್ಬನೇ ಕೂತಿರುತ್ತಾನೆ. ಆ ಒಬ್ಬರಲ್ಲಿ ನಾನೂ ಒಬ್ಬ.

ಸದ್ದಿನ ವಿಷಯಕ್ಕೂ ತಂತ್ರಜ್ಞಾನ ಉತ್ತರ ಕಂಡುಕೊಂಡಿದೆ. ವಿದ್ಯುತ್ ವಾಹನ ನಿಧಾನವಾಗಿ ಹೋಗುವಾಗ ಕೃತಕವಾಗಿ ಸದ್ದು ಹೊರಡಿಸಬೇಕೆಂಬ ನಿಯಮ ಯುರೋಪಿನಲ್ಲಿ 2019ರಿಂದ ಇದೆ. ಕಣ್ಣು ಕಾಣದವರ, ಮಕ್ಕಳ, ಮುದುಕರ ಪಾಲಿಗೆ ಅದು ಅಗತ್ಯವೇ. ಆದರೆ ಆ ಸದ್ದು ಹೊರಗಿನವರನ್ನು ಎಚ್ಚರಿಸುತ್ತದೆ, 'ಪಕ್ಕಕ್ಕೆ ಸರಿ' ಎನ್ನುತ್ತದೆ. ಎತ್ತಿನ ಉಸಿರು ಎಚ್ಚರಿಸುತ್ತಿದ್ದುದು ಗಾಡಿಯೊಳಗೆ ಕೂತವರನ್ನು, 'ನೀನು ಇಳಿ' ಎಂದು.

ನಮ್ಮ ಜಿಲ್ಲೆಯ ಜನಕ್ಕೆ ಇದೆಲ್ಲ ಬರೀ ತತ್ತ್ವವಿಚಾರವಲ್ಲ. 118 ಕಿ.ಮೀ. ಉದ್ದದ ಬೆಂಗಳೂರು ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಸಾಗುವ ದಾರಿ ಅದು. ಆ ವರ್ಷ ಅದರ ಮೇಲೆ ನೂರಕ್ಕೂ ಹೆಚ್ಚು ಜನ ಸತ್ತರು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆ ಮುಚ್ಚಿತು. ಆಮೇಲೆ ವೇಗ ಅಳೆಯುವ ಕ್ಯಾಮೆರಾಗಳು ಬಂದವು, ಸಾವು ಇಳಿಯಿತು. ಇದು ಒಳ್ಳೆಯದೇ. ಉಪದೇಶಕ್ಕಿಂತ ದಂಡ ಬೇಗ ಕೆಲಸ ಮಾಡುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ರಸ್ತೆಯಲ್ಲಿ ಒಮ್ಮೆ ಹೋಗಿ ನೋಡಿ. ಕ್ಯಾಮೆರಾ ಹತ್ತಿರ ಬಂದಾಗ ಕಾರುಗಳ ಹಿಂದಿನ ಕೆಂಪು ದೀಪಗಳೆಲ್ಲ ಒಟ್ಟಿಗೆ ಹೊತ್ತುತ್ತವೆ. ದಾಟಿದ ಕೂಡಲೇ ಎಲ್ಲರೂ ತುಳಿಯುತ್ತಾರೆ. 'ಹಿಂದೆ ತುಳೀಬಾರ್ದು' ಎಂಬ ಮಾವನ ಪಾಠದ ತಲೆಕೆಳಗು ಇದು. ಕಾನೂನು ಇರುವುದು ಕ್ಯಾಮೆರಾದ ಕೆಳಗೆ. ಒಂದು ಕ್ಯಾಮೆರಾದಿಂದ ಇನ್ನೊಂದರವರೆಗಿನ ದಾರಿಯಲ್ಲಿ ಇರುವುದು ನಾನು ಎಂಥವನು ಎಂಬುದಷ್ಟೇ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಬೈಕು, ಆಟೋದವರನ್ನು ಆಚೆ ಕಳಿಸಿದ್ದು ಅವರ ಪ್ರಾಣ ಉಳಿಯಲಿ ಎಂದೇ. ಅದು ಸರಿ. ಆದರೂ ನೋಡಿ, ಕಡಿಮೆ ಇಂಧನ ಉರಿಸುವ, ಹಗುರ ವಾಹನದವರು ಜಾಗ ಬಿಟ್ಟರು. ಹೆಚ್ಚು ಉರಿಸುವ, ಭಾರದ ವಾಹನದವರು ಉಳಿದರು. ಇವಾನ್ ಇಲಿಚ್ ಎಂಬ ಚಿಂತಕ 1970ರ ದಶಕದಲ್ಲಿ ವಾದಿಸಿದ್ದು ಇದನ್ನೇ. ವೇಗ ಒಂದು ಮಿತಿ ದಾಟಿದರೆ ಅದು ಕೆಲವರ ಸಮಯ ಉಳಿಸಲು ಮಿಕ್ಕವರ ಸಮಯವನ್ನೂ ಜಾಗವನ್ನೂ ಕಿತ್ತುಕೊಳ್ಳುತ್ತದೆ ಎಂದು ಅವನು ಹೇಳಿದ. ಅವನು ಮೆಚ್ಚಿದ ವಾಹನ ಸೈಕಲ್ಲು. ನಾನು ಕೆಡವಿದ್ದೂ ಸೈಕಲ್ಲನ್ನೇ. ಚನ್ನಪಟ್ಟಣದ ಹಳೇ ರಸ್ತೆಯಲ್ಲಿ ಗೊಂಬೆ ಅಂಗಡಿ ಇಟ್ಟವರನ್ನು ಕೇಳಿದರೆ ಇದೇ ಮಾತನ್ನು ಬೇರೆ ರೀತಿ ಹೇಳುತ್ತಾರೆ. ಮೊದಲು ಮೈಸೂರಿಗೆ ಹೋಗುವವರು ಇಳಿದು ಆಲೆಮರದ ಗೊಂಬೆ ಕೊಳ್ಳುತ್ತಿದ್ದರು. ಈಗ ನೂರರ ವೇಗದಲ್ಲಿ ಹೋಗುವವರಿಗೆ ಚನ್ನಪಟ್ಟಣ ಒಂದು ಹಸಿರು ಬೋರ್ಡು.

ಎಲ್ಲ ಭಾರವನ್ನೂ ಒಬ್ಬೊಬ್ಬ ಚಾಲಕನ ಮನಸ್ಸಾಕ್ಷಿಯ ಮೇಲೆ ಹೇರುವುದು ನ್ಯಾಯವೇ ಎಂದು ನೀವು ಕೇಳಬಹುದು. ಪೂರ್ತಿ ನ್ಯಾಯವಲ್ಲ. ರಾಮನಗರ, ಚನ್ನಪಟ್ಟಣಗಳಿಗೆ ಹತ್ತೊಂಬತ್ತನೆಯ ಶತಮಾನದಿಂದಲೂ ರೈಲಿದೆ. ಕನಕಪುರಕ್ಕೂ ಮಾಗಡಿಗೂ ಇಂದಿಗೂ ಇಲ್ಲ. ಮಾಗಡಿಯಿಂದ ಬೆಂಗಳೂರಿಗೆ ರಾತ್ರಿ ಪಾಳಿಗೆ ಹೋಗುವ ಹುಡುಗ ಬೈಕು ಹತ್ತಿದರೆ ಅವನ ಮುಂದೆ ಮಿತವ್ಯಯದ ಮಾತಾಡುವ ಮುಖ ನನಗಿಲ್ಲ. ಆದರೆ ನನಗೆ ಆಯ್ಕೆ ಇದೆ. ಲೆಕ್ಕ ಸರಳ. ಲೀಟರ್ ಡೀಸೆಲ್ಲಿಗೆ ಬಸ್ಸು 5 ಕಿ.ಮೀ. ಓಡುತ್ತದೆ, 50 ಜನ ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಒಂದು ಲೀಟರು ಒಬ್ಬನನ್ನು 250 ಕಿ.ಮೀ. ಒಯ್ದಂತಾಯಿತು. ಲೀಟರಿಗೆ 15 ಓಡುವ ಕಾರಿನಲ್ಲಿ ಒಬ್ಬನೇ ಕೂತರೆ ಬರೀ 15. ಎಷ್ಟೇ ನಾಜೂಕಾಗಿ ತುಳಿದರೂ ಈ ಅಂತರ ಮುಚ್ಚುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ತುಂಬಿ ತುಳುಕುವ ಬಸ್ಸುಗಳನ್ನು ನೋಡಿ ಗೊಣಗುವ ನಾವು, ಆ ಬಸ್ಸಿನಲ್ಲಿ ನಿಂತು ಹೋಗುತ್ತಿರುವ ಹೆಂಗಸರು ನಮ್ಮ ಪಾಲಿನ ಗಾಳಿಯನ್ನೂ ಉಳಿಸುತ್ತಿದ್ದಾರೆ ಎಂಬುದನ್ನು ನೆನೆಯುವುದಿಲ್ಲ. ಚಾಲಕನ ನಡತೆ ಶುರುವಾಗುವುದು ಸ್ಟೇರಿಂಗ್ ಹಿಡಿದ ಮೇಲಲ್ಲ. ಇವತ್ತು ಕಾರಿನ ಕೀಲಿ ತೆಗೆದುಕೊಳ್ಳಬೇಕೇ ಬೇಡವೇ ಎಂದು ಮನೆಯಲ್ಲಿ ನಿಂತು ಯೋಚಿಸುವಾಗ.

ಮಾವನ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆ. ನನಗೆ ಆ ಮುದುಕರು ಕಾಣಿಸಿದ್ದರು. ಸೈಕಲ್ಲು, ಚೀಲ, ಬಲಕ್ಕಿದ್ದ ಊರಿನ ದಾರಿ ಎಲ್ಲವೂ ಕಾಣಿಸಿತ್ತು. ಅವರು ತಿರುಗಬಹುದು ಎಂಬುದೊಂದನ್ನು ಎಣಿಸಲಿಲ್ಲ. ನನ್ನ ಕಾರು ಯಾರಿಗೂ ತೊಂದರೆ ಕೊಡದ ಕಾರು ಎಂದು ನಂಬಿದ್ದೆ. ಆ ನಂಬಿಕೆಯಲ್ಲಿ ಕಾಲು ಹಗುರವಾಗಿತ್ತು, ಎಂದರೆ ಆಕ್ಸಿಲರೇಟರಿನ ಮೇಲೆ ಭಾರವಾಗಿತ್ತು. ಬಂಡಿ ದಣಿಯುವುದನ್ನು ನಿಲ್ಲಿಸಿದ ಮೇಲೆ ದಣಿವನ್ನು ನೆನಪಿಟ್ಟುಕೊಳ್ಳುವ ಕೆಲಸ ಓಡಿಸುವವನದಾಗುತ್ತದೆ. ಇಂದ್ರಿಯಗಳು ಮಾಡುತ್ತಿದ್ದ ಕೆಲಸವನ್ನು ಈಗ ಮನಸ್ಸು ಮಾಡಬೇಕು. ಅದು ಹೆಚ್ಚು ಕಷ್ಟದ್ದು, ಏಕೆಂದರೆ ಮನಸ್ಸಿಗೆ ಏದುಸಿರು ಕೇಳಿಸುವುದಿಲ್ಲ, ನೆನೆಯಬೇಕು ಅಷ್ಟೆ.

ಈಗ ನಾನು ಚನ್ನಪಟ್ಟಣಕ್ಕೆ ಒಬ್ಬನೇ ಹೋಗುವುದಾದರೆ ರೈಲಿಗೆ ಹೋಗುತ್ತೇನೆ. ಮಾವನನ್ನು ಕರೆತರಬೇಕಾದಾಗ ಮಾತ್ರ ಕಾರು. ಎಡಗಡೆಯ ಸಾಲಿನಲ್ಲಿ ಎಂಬತ್ತು. ಹಿಂದಿನವರು ದೀಪ ಮಿಣುಕಿಸುತ್ತಾರೆ, ದಾಟಿ ಹೋಗುತ್ತಾರೆ. ಮೊನ್ನೆ ಬಿಡದಿಯ ಹತ್ತಿರ ಮಾವ ಕೇಳಿದರು, 'ಏನಪ್ಪ, ಬ್ಯಾಟರಿ ಕಮ್ಮಿ ಐತಾ?'

'ಇಲ್ಲ ಮಾವ, ಏರು ಬಂದೈತೆ' ಎಂದೆ.

ಮಾವ ಕಿಟಕಿಯಾಚೆ ಮಟ್ಟಸವಾದ ರಸ್ತೆಯನ್ನು ಒಮ್ಮೆ ನೋಡಿದರು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ನಿದ್ದೆ ಹೋದರು. ಬೇರೆಯವರು ಓಡಿಸುವ ಗಾಡಿಯಲ್ಲಿ ಅವರು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.